ಭಾಗವತರಿಗೆ ಕಾಗದ ಬರೆಯುವ ಪುಟ್ಟಿಗೆ

ಪುಟ್ಟಿ,

ನೀನು ಫೋಟೋ ತೆಗೆದು ಕಳಿಸಿದ ನಾಲ್ಕು ಪುಟವನ್ನೂ ಓದಿದೆ. ಯಕ್ಷಗಾನ ಆಟದಲ್ಲಿ ಪದ ಹಾಡುವ ಭಾಗವತರಿಗೆ ಕೈಯಾರೆ ಒಂದು ಕಾಗದ ಬರೆಯಬೇಕು ಅಂತ ಈ ಕಾಲದಲ್ಲಿ ನಿನಗೆ ಅನ್ನಿಸಿತಲ್ಲ, ಅದೇ ನನಗೆ ಖುಷಿ. "ಹೇಗಿದೆ ಮಾವ, ನಿಜ ಹೇಳಿ" ಅಂತ ಕೇಳಿದ್ದೀಯ. ನಿಜವನ್ನೇ ಹೇಳುತ್ತೇನೆ. ಮೊದಲನೇ ಪುಟ ಇಡೀ ತೆಗೆದುಬಿಡು.

ಕೋಪ ಬಂತಾ? ಕೇಳು ಮಾರಾಯ್ತಿ. ಗಾನಗಂಧರ್ವ, ಕಂಚಿನ ಕಂಠ, ಸರಸ್ವತಿಯ ವರಪುತ್ರ ಅಂತೆಲ್ಲ ಬರೆದಿದ್ದೀಯ. ಇದು ಸನ್ಮಾನದ ದಿನ ಮೈಕ್ ಹಿಡಿದವರು ಹೇಳುವ ಮಾತು. ಅವರ ಮನೆ ಗೋಡೆಯಲ್ಲಿ ಇದೇ ಮಾತುಗಳು ಚೌಕಟ್ಟು ಹಾಕಿಸಿಕೊಂಡು ಸಾಲಾಗಿ ತೂಗುತ್ತಿರಬಹುದು. ಅದನ್ನೇ ನೀನು ಇನ್ನೊಮ್ಮೆ ಬರೆದರೆ ಅವರಿಗೆ ಹೊಸತೇನು ಸಿಕ್ಕಿತು? ಅವರಿಗೆ ಗೊತ್ತಿಲ್ಲದ ಸಂಗತಿ ಒಂದೇ. ಸಭೆಯಲ್ಲಿ ಕುಳಿತವರಿಗೆ ಏನಾಯಿತು ಅನ್ನುವುದು. ಭಾಗವತರಿಗೆ ಎದುರಿಗೆ ಕಾಣುವುದು ವೇಷದವರ ಬೆನ್ನು. ಅದರಾಚೆ ಲೈಟು ಕಣ್ಣಿಗೆ ಹೊಡೆಯುತ್ತದೆ, ಮೂರನೇ ಸಾಲಿನಿಂದ ಹಿಂದೆ ಬರೀ ಕತ್ತಲೆ. ಅಲ್ಲಿ ಯಾರು ಎದ್ದು ಹೋದರು, ಯಾರು ಕಣ್ಣು ಒರೆಸಿಕೊಂಡರು ಅಂತ ಅವರಿಗೆ ಹೇಗೆ ತಿಳಿಯಬೇಕು? ಅದನ್ನು ಹೇಳಲಿಕ್ಕೆ ನೀನೇ ಆಗಬೇಕು.

ನೀನು ಹೇಳಿದ್ದೀಯ ಕೂಡ, ಆದರೆ ಮೂರನೇ ಪುಟದ ಮಧ್ಯದಲ್ಲಿ ಹುಗಿದಿಟ್ಟಿದ್ದೀಯ. ಸುಧನ್ವ ಯುದ್ಧಕ್ಕೆ ಹೊರಟು ನಿಂತಿದ್ದಾನೆ, ಹೆಂಡತಿ ಪ್ರಭಾವತಿ ತಡೆಯುತ್ತಾಳೆ. ಆ ಪದದ ಒಂದು ಸಾಲನ್ನು ಅವರು ಎರಡನೇ ಸಲ ಎತ್ತುವಾಗ ಸ್ವರ ಇಳಿಸಿದರು, ಚೆಂಡೆ ಇರಲಿಲ್ಲ, ಮದ್ದಳೆ ಮಾತ್ರ ಇತ್ತು, ಪಕ್ಕದಲ್ಲಿ ಅಜ್ಜಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದವರು ಬೆರಳನ್ನು ಹಾಗೇ ಹಿಡಿದುಕೊಂಡು ಪದ ಮುಗಿಯುವ ತನಕ ಕುಳಿತರು, ಸುಣ್ಣ ಬೆರಳಲ್ಲೇ ಒಣಗಿತು ಅಂತ ಬರೆದಿದ್ದೀಯಲ್ಲ, ಅಲ್ಲಿಂದ ಶುರು ಮಾಡು. ನಮಸ್ಕಾರ ಹೇಳು, ಊರು ಹೇಳು, ಸೀದಾ ಅಜ್ಜಿಯ ಬೆರಳಿಗೆ ಬಾ. "ಅದ್ಭುತವಾಗಿತ್ತು" ಅಂತ ಆಮೇಲೆ ಸೇರಿಸಲೂ ಬೇಡ. ಆಟ ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ಅಂತ ಒಂದು ಮಾತು ಇರಲಿ. ತಿರುಗಾಟದಲ್ಲಿ ದಿನಾ ಒಂದೊಂದು ಊರು, ಅವರಿಗೆ ನೆನಪು ಹಿಡಿಯಲಿಕ್ಕೆ ಒಂದು ಕೊಕ್ಕೆ ಬೇಕಲ್ಲ.

ಜೀವಮಾನವಿಡೀ ಪೋಸ್ಟಾಫೀಸಿನಲ್ಲಿ ಮೊಹರು ಒತ್ತಿದವನು ನಾನು. ನಮ್ಮ ಬಟವಾಡೆಯ ಊರಲ್ಲಿ ಒಬ್ಬರು ಹಳೆಯ ವೇಷಧಾರಿ ಇದ್ದರು, ಹೆಸರು ಬೇಡ. ಮೇಳ ಬಿಟ್ಟ ಮೇಲೆ ಅವರಿಗೆ ಬರುತ್ತಿದ್ದದ್ದು ಬ್ಯಾಂಕಿನ ನೋಟೀಸು, ಮದುವೆ ಕಾಗದ, ಅಷ್ಟೆ. ಒಂದು ಸಲ ಸುಳ್ಯದ ಕಡೆಯಿಂದ ಒಂದು ಕಾರ್ಡು ಬಂತು. ಕಾರ್ಡು ಅಂದರೆ ಗೊತ್ತಲ್ಲ, ಪೋಸ್ಟಾಫೀಸಿನಲ್ಲಿ ಎಲ್ಲರೂ ಓದಿಯೇ ಮುಂದೆ ಹೋಗುವುದು. ಅದರಲ್ಲಿ ಇದ್ದದ್ದು ಇಷ್ಟೇ: ನಾನು ಸಣ್ಣವನಿದ್ದಾಗ ನಿಮ್ಮ ಹಿರಣ್ಯಕಶಿಪು ನೋಡಿ ಅಪ್ಪನ ಬೆನ್ನ ಹಿಂದೆ ಅಡಗಿದ್ದೆ, ನೀವು ಆರ್ಭಟೆ ಕೊಟ್ಟದ್ದಕ್ಕೆ ಅಲ್ಲ, ಸುಮ್ಮನೆ ನಿಂತು ಪ್ರಹ್ಲಾದನನ್ನು ನೋಡಿದ್ದಕ್ಕೆ. ಆ ಕಾರ್ಡನ್ನು ಅವರು ಪಂಚಾಂಗದೊಳಗೆ ಇಟ್ಟುಕೊಂಡಿದ್ದರು. ಮನೆಗೆ ಯಾರೇ ಬರಲಿ, ಬೆಲ್ಲ ನೀರು ಕೊಟ್ಟಾದ ಮೇಲೆ ಪಂಚಾಂಗ ಹೊರಗೆ ಬರುತ್ತಿತ್ತು. ಸನ್ಮಾನದ ಶಾಲುಗಳು ಎಲ್ಲಿದ್ದವೋ, ಅದನ್ನು ತೋರಿಸಿದ್ದನ್ನು ನಾನಂತೂ ನೋಡಿಲ್ಲ.

ಇನ್ನು ನಾಲ್ಕನೇ ಪುಟ. "ನಾನೂ ಭಾಗವತಿಕೆ ಕಲಿಯುತ್ತಿದ್ದೇನೆ, ನನ್ನ ಹಾಡಿನ ಆಡಿಯೋ ಕಳಿಸುತ್ತೇನೆ, ಕೇಳಿ ಅಭಿಪ್ರಾಯ ಹೇಳಿ, ನಿಮ್ಮ ನಂಬರು ಕೊಡಿ." ಇದು ಬೇಡ. ಕಲಿಯುತ್ತಿದ್ದೇನೆ ಅಂತ ಬೇಕಾದರೆ ಒಂದು ಸಾಲು ಇರಲಿ. ಆದರೆ ಕೇಳುವುದು ಈ ಕಾಗದದಲ್ಲಿ ಇರಕೂಡದು. ಮೂರು ಪುಟ ಮೆಚ್ಚಿ ನಾಲ್ಕನೇ ಪುಟದಲ್ಲಿ ಒಂದು ಕೆಲಸ ಹೇಳಿದರೆ, ಓದುವವರಿಗೆ ಹಿಂದಿನ ಮೂರು ಪುಟದ ಮೇಲೂ ಅನುಮಾನ ಬರುತ್ತದೆ. ಓಹೋ, ಇದಕ್ಕಾ ಇಷ್ಟೆಲ್ಲ ಅಂತ. ನಿನ್ನ ಮನಸ್ಸಿನಲ್ಲಿ ಹಾಗೆ ಇಲ್ಲ ಅಂತ ನನಗೆ ಗೊತ್ತು, ಅವರಿಗೆ ಹೇಗೆ ಗೊತ್ತಾಗಬೇಕು? ಅಂಥವರ ಹತ್ತಿರ ದಿನಾ ಜನ ಏನಾದರೂ ಕೇಳಿಕೊಂಡೇ ಬರುವುದು. ಒಂದು ಸೆಲ್ಫಿ, ನಮ್ಮೂರಲ್ಲಿ ವೇಷವಿಲ್ಲದೆ ಕೂತು ನಡೆಸುವ ಒಂದು ತಾಳಮದ್ದಳೆ, ಮಗನಿಗೆ ಮೇಳದಲ್ಲಿ ಒಂದು ಅವಕಾಶ. ಏನೂ ಕೇಳದೆ ಬಂದ ಕಾಗದ ಕೈಗೆ ಸಿಕ್ಕಿದರೆ ಅವರು ಎರಡೆರಡು ಸಲ ತಿರುಗಿಸಿ ನೋಡಿಯಾರು. ಹಾಡಿನ ವಿಷಯ ನಿನ್ನ ಗುರುಗಳ ಹತ್ತಿರ ಹೇಳು, ಅವರ ಮೂಲಕ ಹೋಗುವುದೇ ಮರ್ಯಾದೆ.

ಉತ್ತರಕ್ಕೆ ಅಂತ ಸ್ಟಾಂಪು ಹಚ್ಚಿದ ಕವರು ಒಳಗೆ ಇಡಲಾ ಅಂತ ಕೇಳಿದ್ದೀಯ. ಪತ್ರಿಕೆಗೆ ಕಥೆ ಕಳಿಸುವವರು ಇಡುತ್ತಿದ್ದರು, ಅದು ಬೇರೆ ವ್ಯವಹಾರ. ಇಲ್ಲಿ ಇಟ್ಟರೆ ಬರೆಯಲೇಬೇಕು ಅಂತ ಕೂರಿಸಿದ ಹಾಗೆ. ಬೇಡ. ನಿನ್ನ ವಿಳಾಸ ಕಾಗದದ ತಲೆಯಲ್ಲೇ ಬರೆ, ಕವರು ಎಲ್ಲಿಗೋ ಹೋಗುತ್ತದೆ, ಕಾಗದ ಉಳಿಯುತ್ತದೆ. ಶಿವರಾಮ ಕಾರಂತರು ಯಾರೇ ಬರೆದರೂ ಉತ್ತರ ಬರೆಯುತ್ತಿದ್ದರು, ಅದಕ್ಕೇ ಹೆಸರಾಗಿದ್ದರು. ಎಲ್ಲರಿಂದಲೂ ಅದು ಆಗುವ ಕೆಲಸ ಅಲ್ಲ. ಆರು ತಿಂಗಳು ರಾತ್ರಿ ನಿದ್ದೆ ಬಿಟ್ಟು ಜಾಗಟೆ ಹಿಡಿದವರಿಗೆ ಹಗಲು ಪೆನ್ನು ಹಿಡಿಯಲು ಆಗದಿದ್ದರೆ ಅದರಲ್ಲಿ ತಪ್ಪೇನಿದೆ? ಬರಲಿಲ್ಲ ಅಂತ ಇನ್ನೊಂದು ಬರೆದು "ಸಿಕ್ಕಿತಾ" ಅಂತ ಕೇಳಬೇಡ, ಅಷ್ಟೇ.

ಎರಡನೇ ಪುಟದಲ್ಲಿ ಒಂದು ಸಾಲು ನೋಡಿ ನನಗೆ ಸ್ವಲ್ಪ ಸಿಟ್ಟೇ ಬಂತು. "ನಿಮ್ಮ ಎದುರು ಉಳಿದ ಭಾಗವತರೆಲ್ಲ ಏನೂ ಅಲ್ಲ." ಆ ಉಳಿದವರ ಜೊತೆ ಅವರು ವೇಷ ಕಟ್ಟುವ ಒಂದೇ ಚೌಕಿಯಲ್ಲಿ ಉಂಡು ಮಲಗಿದ್ದಾರೆ ಪುಟ್ಟಿ. ಒಬ್ಬರನ್ನು ಮೇಲೆತ್ತಲು ಇನ್ನೊಬ್ಬರನ್ನು ತುಳಿಯಬೇಕಾ? ಅಭಿಮಾನಿಗಳು ಗುಂಪು ಕಟ್ಟಿಕೊಂಡು ಜಗಳ ಆಡುವುದು ಈಗ ಜಾಸ್ತಿಯಾಗಿದೆ, ನಿನಗೆ ಅದು ಬೇಡ. ಯಾವ ಮೇಳಕ್ಕೆ ಹೋಗಬೇಕು ಅನ್ನುವ ಸಲಹೆಯನ್ನೂ ತೆಗೆ.

ಮತ್ತೆ ಕೊನೆಗೆ, "ಕಾಸರಗೋಡಿನವಳು, ಕನ್ನಡ ತಪ್ಪಿದ್ದರೆ ಕ್ಷಮಿಸಿ" ಅಂತ! ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಕುಂಬಳೆ ಎಲ್ಲಿದೆ? ನಮ್ಮಲ್ಲೇ ಅಲ್ವಾ? 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಆಟ ನಿಂತಿತಾ? ಈ ಊರಿನ ಹುಡುಗಿ ಯಕ್ಷಗಾನದವರಿಗೆ ಬರೆಯುವಾಗ ಕನ್ನಡದ ಬಗ್ಗೆ ಕ್ಷಮೆ ಕೇಳುವುದಾ? ಆ ಸಾಲನ್ನು ಓದಲು ಆಗದ ಹಾಗೆ ಗೀಚಿಬಿಡು. ನಿನ್ನ ಒತ್ತಕ್ಷರ ಎರಡು ಮೂರು ಕಡೆ ತಪ್ಪಿದೆ ನಿಜ, ನಾನು ತಿದ್ದಿಲ್ಲ, ತಿದ್ದುವುದೂ ಇಲ್ಲ. ಪದ ತಪ್ಪಿದರೆ ಅವರಿಗೆ ಗೊತ್ತಾಗುತ್ತದೆ, ಒತ್ತು ತಪ್ಪಿದರೆ ಯಾರೂ ಲೆಕ್ಕ ಇಡುವುದಿಲ್ಲ.

ಇಷ್ಟು ತೆಗೆದರೆ ಒಂದು ಹಾಳೆ ಉಳಿಯುತ್ತದೆ. ಒಂದೇ ಸಾಕು. ಪೋಸ್ಟಿನ ಲೆಕ್ಕದಲ್ಲೂ ಅದೇ ಒಳ್ಳೆಯದು. ಎ4 ಹಾಳೆ ಒಂದಕ್ಕೆ ಹತ್ತಿರ ಹತ್ತಿರ 5 ಗ್ರಾಂ ಬರುತ್ತದೆ. ನಾಲ್ಕು ಹಾಳೆಯ ಮೇಲೆ ಕವರು ಸೇರಿದರೆ 20 ಗ್ರಾಂ ದಾಟಿತು, 5 ರೂಪಾಯಿಯ ಸ್ಟಾಂಪು ಸಾಲದು. ಸ್ಟಾಂಪು ಕಡಿಮೆ ಬಿದ್ದರೆ ಕೊರತೆಯ ಎರಡು ಪಟ್ಟು ಹಣವನ್ನು ಕಾಗದ ಪಡೆಯುವವರಿಂದ ಕೇಳುತ್ತಾರೆ. ಅಭಿಮಾನದ ಕಾಗದ ಬಿಡಿಸಿಕೊಳ್ಳಲು ಭಾಗವತರೇ ಪೋಸ್ಟ್‌ಮ್ಯಾನಿಗೆ ದಂಡ ಕಟ್ಟುವುದು, ಹೇಗಿರುತ್ತದೆ ಯೋಚಿಸು!

ಚೌಕಿಗೆ ಹೋಗಿ ಕೈಯಲ್ಲೇ ಕೊಡುತ್ತೇನೆ ಅಂತ ಹೊರಡಬೇಡ. ಆಟಕ್ಕೆ ಮೊದಲು ಅವರ ತಲೆಯಲ್ಲಿ ಆ ದಿನದ ಪ್ರಸಂಗ ಇರುತ್ತದೆ, ಮುಗಿದ ಮೇಲೆ ನಿದ್ದೆ. ಜೇಬಿಗೆ ಹಾಕಿದ ಕಾಗದ ಅಂಗಿಯ ಜೊತೆ ಒಗೆದು ಹೋದೀತು. ಮೇ ಕೊನೆಯ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚುತ್ತದೆ, ತಿರುಗಾಟ ಮುಗಿಯುತ್ತದೆ. ಆಮೇಲೆ ಮಳೆಗಾಲ, ತಾಳಮದ್ದಳೆ ಇಲ್ಲದ ದಿನ ಮನೆಯಲ್ಲಿರುತ್ತಾರೆ. ಆ ಹೊತ್ತಿಗೆ ಮುಟ್ಟುವ ಹಾಗೆ ಮನೆ ವಿಳಾಸಕ್ಕೆ ಹಾಕು. ವಿಳಾಸವನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆ, ನಮ್ಮ ಕಡೆ ಟಪಾಲು ವಿಂಗಡಿಸುವವರಿಗೆಲ್ಲ ಕನ್ನಡ ಬರುತ್ತದೆ ಅಂತ ಇಲ್ಲ. ಮನೆ ಹೆಸರು ಮಾತ್ರ ನಂಬಿ ಕೂರಬೇಡ, ಒಂದೇ ಹೆಸರಿನ ಮನೆ ಊರಿಗೊಂದು ಇರುತ್ತದೆ. ಪೋಸ್ಟಾಫೀಸಿನ ಹೆಸರು, ವಯಾ ಯಾವುದು, ಆರು ಅಂಕಿಯ ಪಿನ್ ಸರಿಯಾಗಿ ಇರಲಿ.

ಮಳೆಗಾಲ ಅಂದೆ ಅಂತ ಮುಂದಿನ ವರ್ಷದ ಮಳೆಗಾಲಕ್ಕೆ ದೂಡಬೇಡ. 2022ರ ನವೆಂಬರಿನಲ್ಲಿ, ಅರ್ಥ ಅಂದರೆ ಪಾತ್ರದ ಮಾತು ಹೇಳುವುದರಲ್ಲಿ ಹೆಸರಾದ ಕುಂಬಳೆ ಸುಂದರ ರಾಯರು ಹೋದರು, ಮೂರು ತಿಂಗಳು ತುಂಬುವ ಮೊದಲೇ, 2023ರ ಫೆಬ್ರವರಿಯಲ್ಲಿ ಬಲಿಪ ನಾರಾಯಣ ಭಾಗವತರು. 2024ರ ಡಿಸೆಂಬರಿನಲ್ಲಿ ಲೀಲಾವತಿ ಬೈಪಾಡಿತ್ತಾಯರು, ನಿನ್ನಂಥ ಹುಡುಗಿಯರು ಜಾಗಟೆ ಹಿಡಿಯಲು ದಾರಿ ಮಾಡಿಕೊಟ್ಟವರು. ಒಬ್ಬೊಬ್ಬರು ಹೋದಾಗಲೂ ನನ್ನ ಫೋನಿನಲ್ಲಿ ಎಲ್ಲರ ಸ್ಟೇಟಸ್ ನೋಡಿದೆ. ಅವತ್ತಿನ ಆ ಪದ ಮರೆಯಲಿಕ್ಕೆ ಆಗುವುದಿಲ್ಲ, ಆ ಅರ್ಥ ಇನ್ನೂ ಕಿವಿಯಲ್ಲಿದೆ ಅಂತ ಎಷ್ಟು ಚಂದ ಚಂದದ ಮಾತು! ಅದರಲ್ಲಿ ಕಾಲು ಭಾಗ ಅವರು ಇದ್ದಾಗ ಅವರ ಮನೆಗೆ ಹೋಗಿ ಬಿದ್ದಿದ್ದರೆ ಪೋಸ್ಟ್‌ಮ್ಯಾನಿಗೆ ಸೈಕಲ್ ಸಾಲುತ್ತಿರಲಿಲ್ಲ.

ತಿದ್ದಿ ಬರೆದದ್ದನ್ನು ನನಗೆ ಮತ್ತೆ ಕಳಿಸಬೇಡ. ಕಳಿಸಿದರೆ ನಾನು ಇನ್ನು ನಾಲ್ಕು ಕಡೆ ಕೈ ಹಾಕುತ್ತೇನೆ, ಆಮೇಲೆ ಅದು ನಿನ್ನ ಕಾಗದ ಆಗುವುದಿಲ್ಲ, ನನ್ನದಾಗುತ್ತದೆ. ಸೀದಾ ಡಬ್ಬಿಗೆ ಹಾಕು. ಪೆರ್ಲ ಪೇಟೆಗೆ ಹೋಗುವ ದಿನ ಪೋಸ್ಟಾಫೀಸಿಗೇ ಹೋಗಿ ಹಾಕಿದರೆ ಇನ್ನೂ ಒಳ್ಳೆಯದು, ತೂಕವನ್ನೂ ನೋಡಿ ಹೇಳುತ್ತಾರೆ.

ನಿನ್ನ ಸೋದರಮಾವ