ಬಟರ್‌ಫ್ಲೈ ಬಿಡೂ ಮುಂದ

ಧಾರವಾಡ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಮುಟ್ಟಿತು. ಹತ್ತನೇ ವಯಸ್ಸಿಗೆ ನೀರಿಗಿಳಿದ ಮಗಳು 200 ಮೀಟರ್ ಬಟರ್‌ಫ್ಲೈದಾಗ ರಾಜ್ಯಮಟ್ಟದ ಪದಕ ತಂದು, ಇಪ್ಪತ್ತೊಂದಕ್ಕ ‘ಇನ್ನ ಸಾಕಪಾ’ ಅಂದಾಳ. ಇನ್ನೆರಡು ವರ್ಷ ಈಸು ಅಂತ ಹೇಳಲೇನು ಅಂತ ನೀ ಕೇಳೀದಿ. ಅದರ ಉತ್ತರ ಅಕಿ ಕಡೆ ಅದ, ನನ್ನ ಕಡೆ ಇಲ್ಲ. ನೀ ಕೇಳಲಾರದ್ದಕ್ಕ ಉತ್ತರ ಬರೀತೀನಿ: ಬಿಡೂದು ಹೆಂಗ ಅಂತ. ನಮ್ಮ ಕಡೆ ಇದು ಹೊಸಾದೇನಲ್ಲ. ಗರಡಿ ಬಿಟ್ಟ ಪೈಲ್ವಾನರನ್ನ ನೋಡೇವಲ್ಲ, ಕುಸ್ತಿ ನಿಂತಿರತದ, ಖುರಾಕು ನಿಂತಿರೂದಿಲ್ಲ. ಹಾಲು, ಬದಾಮಿ, ತುಪ್ಪ ಹಂಗಽ ನಡದಿರತದ, ಹೊಟ್ಟಿ ಮುಂದ ಬರತದ, ಮೊಣಕಾಲು ಕೈ ಕೊಡತಾವ. ಬಟರ್‌ಫ್ಲೈದವರಿಗೆ ಮೊಣಕಾಲಿನ ಜಾಗಾದಾಗ ಭುಜ, ಅಷ್ಟ ಫರಕು.

ಭುಜನಽ ಯಾಕ ಅನ್ನೂದು ತಿಳಿಬೇಕಂದರ ಈ ಈಜು ಹೆಂಗ ನಡೀತದ ನೋಡು. ಫ್ರೀಸ್ಟೈಲ್‌ದಾಗ ಒಂದು ಕೈ ನೀರಾಗ ದುಡಿಯೂ ಮುಂದ ಇನ್ನೊಂದು ಗಾಳಿಯೊಳಗ ದಣಿವಾರಿಸಿಕೋತದ. ಬಟರ್‌ಫ್ಲೈದಾಗ ಎರಡೂ ಕೈ ಒಮ್ಮೆಲೇ ನೀರು ಬಿಟ್ಟು ಏಳಬೇಕು, ಒಮ್ಮೆಲೇ ಮುಂದ ಬೀಳಬೇಕು. ಒಂದು ಸುತ್ತಿಗೆ ಒದಿಕೆ ಎರಡು: ಕೈ ನೀರಿಗೆ ಬೀಳೂ ಮುಂದ ಒಂದು, ಕೈ ತೊಡಿ ಹತ್ರ ನೀರು ಬಿಡೂ ಮುಂದ ಇನ್ನೊಂದು. ದಣಿದಾಗ ಮೊದಲು ಸಾಯೂದು ಆ ಎರಡನೇ ಒದಿಕೆ. ಅದು ಸತ್ತರ ನಡ ಕೆಳಗಿಳೀತದ. ನಡ ಇಳಿದರ ಕೈ ಎತ್ತೂ ಭಾರ ಎಲ್ಲಾ ಭುಜದ ಸಣ್ಣ ಸ್ನಾಯುಗಳ ಮ್ಯಾಲೆ. 200ರ ಕಡೀ 15 ಮೀಟರ್‌ದಾಗ ಹೆಗಲ ಮ್ಯಾಲೆ ಜ್ವಾಳದ ಚೀಲ ಹೇರಿದಂಗ ಕಾಣೂದು ಅದಕ್ಕಽ. ಇದನ್ನ ವರ್ಷಗಟ್ಟಲೆ ಮಾಡಿದವರ ಎದಿ ಸ್ನಾಯು, ಬೆನ್ನ ಪಕ್ಕದ ಸ್ನಾಯು ಕಬ್ಬಿಣ ಆಗಿರತಾವ, ತೋಳನ್ನ ಹೊರಗ ತಿರುಗಿಸೂ ಹಿಂದಿನ ಸ್ನಾಯು ಮಾತ್ರ ಸೊರಗಿರತಾವ. ಕೀಲು ಸಡಿಲ ಬ್ಯಾರೆ. ಈಸೂ ತನಕ ಸುತ್ತಲಿನ ಬಲ ಅದನ್ನ ಹಿಡದಿರತದ. ಬಿಟ್ಟ ಮ್ಯಾಲೆ ಬಲ ಇಳೀತದ, ಸಡಿಲ ಹಂಗಽ ಉಳೀತದ. ಈಸೂ ಮುಂದ ಇಲ್ಲದ ನೋವು, ಬಿಟ್ಟು ಆರು ತಿಂಗಳಿಗೆ ಅಟ್ಟದ ಮ್ಯಾಲಿನ ಡಬ್ಬಿ ತಗಿಯೂವಾಗ ಬರೂದು ಹಿಂಗ.

ಅದಕ್ಕ ನಾಳೆಯಿಂದಽ ಬಂದ್ ಅನ್ನೂದು ಬ್ಯಾಡ. ಪೈಪೋಟಿಯ ತಾಲೀಮು ಮಾಡಿದ ಹೃದಯ ದೊಡ್ಡದಾಗಿರತದ, ಮೈಯಾಗಿನ ರಕ್ತದ ನೀರಂಶನೂ ಹೆಚ್ಚಿರತದ. ಧಡಕ್ಕನ ನಿಲ್ಲಿಸಿದರ ಆ ನೀರಂಶ ಮೊದಲ ಕೆಲವು ದಿನದಾಗಽ ಇಳಿಯಾಕ ಸುರು ಆಗತದ. ಕೆಲವರಿಗೆ ತಲಿ ತಿರಗತದ, ಎದಿ ಬಡಕೋತದ, ನಿದ್ದಿ ಹತ್ತೂದಿಲ್ಲ. ಹನ್ನೆರಡು ವಾರ ಇಟ್ಟುಕೋರಿ. ಈಗ ಅಕಿ ವಾರಕ್ಕ ಒಂಬತ್ತು ಪಾಳಿ ಈಸತಾಳ ಅಂದಿ. ಮೊದಲ ಮೂರು ವಾರ ಐದು ಪಾಳಿ, ಪಾಳಿಗೆ 3,000 ಮೀಟರ್. ಅದರಾಗ ಬಟರ್‌ಫ್ಲೈ 300 ದಾಟಬಾರದು, ಅದೂ 25 ಮೀಟರಿನ ತುಂಡು. ಮುಂದಿನ ನಾಕು ವಾರ ನಾಕು ಪಾಳಿ, 2,000 ಮೀಟರ್, ಬಟರ್‌ಫ್ಲೈ ಒಂಟಿ ಕೈಲೆ ಅಷ್ಟ. ಉಳಿದ ಐದು ವಾರ ಮೂರು ದಿವಸ, 1,500 ಮೀಟರ್, ಬೆನ್ನೀಜು ಹೆಚ್ಚು. ಗಡಿಯಾರ ನೋಡೂದು ಮೊದಲನೇ ವಾರದಿಂದಽ ಬಂದ್. ಈ ಅಂಕಿ ದೇವರ ವಾಕ್ಯ ಅಲ್ಲ, ಒಂದೆರಡು ಪಾಳಿ ಹೆಚ್ಚುಕಡಿಮಿ ಆದರ ಏನೂ ಆಗೂದಿಲ್ಲ.

ಭುಜಕ್ಕ ರಬ್ಬರ್ ಪಟ್ಟಿ, ವಾರಕ್ಕ ಮೂರು ದಿನ, ಹತ್ತು ನಿಮಿಷ. ಪಟ್ಟಿ ಬಾಗಲದ ಹಿಡಿಕಿಗೆ ಕಟ್ಟಬೇಕು. ಮೊಣಕೈ ಪಕ್ಕಡಿಗೆ ಹಚ್ಚಿ, ನಡುವ ಸುತ್ತಿದ ಟುವಾಲು ಇಟ್ಟು, ಮುಂಗೈ ಹೊರಗ ತಿರುಗಿಸೂದು, 15ರಂಗ ಎರಡು ಸಲ. ಟುವಾಲು ಬಿದ್ದರ ಪಟ್ಟಿ ಬಿಗಿ ಆತು ಅಂತ ತಿಳಕೊಂಡು ಹಗರಿನ ಪಟ್ಟಿ ತಗೋಬೇಕು. ಆಮ್ಯಾಲೆ ಪಟ್ಟಿನ್ನ ಎದಿ ಕಡೆ ಜಗ್ಗೂದು, 12ರಂಗ ಮೂರು ಸಲ, ಜಗ್ಗೂ ಮುಂದ ರೆಕ್ಕಿ ಎಲಬು ಒಂದಕ್ಕೊಂದು ಹತ್ರ ಬರಬೇಕು. ಬಾಗಲ ಚೌಕಟ್ಟಿಗೆ ಕೈ ಹಚ್ಚಿ ಎದಿ ಸ್ನಾಯು ಎಳಿಯೂದು ಛಲೋ. ಆದರ ತೋಳು ಹಿಂದಕ್ಕ ಒಯ್ದು ಭುಜದ ಕೀಲು ಇನ್ನಷ್ಟು ಎಳಿಯೂದು ಬ್ಯಾಡವೇ ಬ್ಯಾಡ. ಸಡಿಲ ಇದ್ದದ್ದನ್ನ ಮತ್ತ ಸಡಿಲ ಮಾಡಿದಂಗ. ಜಿಮ್ಮಿನಾಗ ಕುತ್ತಿಗಿ ಹಿಂದ ರಾಡ್ ಇಳಿಸೂ ಕಸರತ್ತೂ ಇಕಿಗೆ ಬ್ಯಾಡ. ರಾತ್ರಿ ಮಗ್ಗಲಾದಾಗ ಭುಜ ನೋಯತದ, ಇಲ್ಲಾ ಕೈ ಎತ್ತಾಕ ಶಕ್ತಿ ಸಾಲೂದಿಲ್ಲ ಅಂದರ ಎಲುಬು-ಕೀಲಿನ ಡಾಕ್ಟರ್ ಕಡೆ ಹೋಗಬೇಕು. ಹಿಂದಕ್ಕ ಬಾಗಿದಾಗ ನಡ ಹಿಡದು ಎರಡು-ಮೂರು ವಾರ ಬಿಡಲಿಲ್ಲ ಅಂದರೂ ಹಂಗಽ. ಡಾಲ್ಫಿನ್ ಒದಿಕೆ ಭಾರ ಎಲ್ಲಾ ಅಲ್ಲೇ ಬೀಳತದ.

ಓಡತೀನಿ ಅಂತಾಳ ಅಂತ ಬರದೀ. ಇಲ್ಲಿ ಜ್ವಾಕಿ. ಉಸಿರು ಅಕಿಗೆ ಐದು ಕಿಲೋಮೀಟರ್ ಓಡುವಷ್ಟು ಅದ, ಕಾಲು ಇಲ್ಲ. ನೀರು ಮೈ ಭಾರ ಹೊತ್ತಿರತದ, ಹಿಂಗಾಗಿ ಈಜುಗಾರರ ಎಲುಬು ಓಡೋರ ಎಲುಬಿನಂಗ ಗಟ್ಟಿ ಆಗಿರೂದಿಲ್ಲ. ಒದಿಕಿಗೆ ಬೇಕಾದ ಮೆತ್ತಗಿನ ಪಾದದ ಕೀಲು ರಸ್ತೆದಾಗ ಉಳಕತದ. ಉಣಕಲ್ ಕೆರಿ ದಂಡಿಗೆ ಹೋಗಿ ಎರಡು ನಿಮಿಷ ನಡಿಯೂದು, ಒಂದು ನಿಮಿಷ ಓಡೂದು, ಹತ್ತು ಸುತ್ತು. ದಿನಾ ಬ್ಯಾಡ, ದಿನ ಬಿಟ್ಟು ದಿನ. ಕಣಕಾಲಿನ ಎಲುಬಿನ ಒಂದಽ ಜಾಗಾ ಒತ್ತಿದಾಗ ನೋಯಾಕ ಹತ್ತಿತು ಅಂದರ ನಿಲ್ಲಿಸಬೇಕು. ಸ್ಕ್ವಾಟ್ ಮತ್ತ ಹಗ್ಗದ ಜಿಗಿತ ಎರಡನೇ ತಿಂಗಳಿಂದ ಸುರು ಮಾಡಲಿ. ಎಲುಬಿಗೆ ಬೇಕಾದದ್ದು ಅದಽ.

ಊಟದ ಬಗ್ಗೆ ಅಕಿ ಅವ್ವನ ಜೋಡಿ ನೀನಽ ಮಾತಾಡಬೇಕು. ಹಸಿವಿ ತಾಲೀಮಿನ ಜೋಡಿ ನಿಲ್ಲೂದಿಲ್ಲ, ಕೆಲವು ತಿಂಗಳು ಹಂಗಽ ಇರತದ. ರೊಟ್ಟಿಗೆ ಕೈ ಹಚ್ಚಬ್ಯಾಡ್ರಿ. ಮೊದಲು ತಗಿಯೂದು ತಾಲೀಮಿನ ಬೆನ್ನಿಗೆ ತಿನ್ನೂ ಎರಡನೇ ನಾಷ್ಟಾ, ಆಮ್ಯಾಲೆ ಸಕ್ಕರಿ ಹಾಕಿದ ಹಾಲು, ಬಾಳಿಹಣ್ಣಿನ ಡಜನ್. ಕಾಳುಪಲ್ಲೆ, ಮೊಸರು, ತತ್ತಿ ಕಡಿಮಿ ಮಾಡಬಾರದು, ಇಲ್ಲಾಂದರ ಸ್ನಾಯು ಮೊದಲು ಕರಗತದ. ಸಂಜೀಮುಂದ ಗಿರ್ಮಿಟ್-ಮಿರ್ಚಿ ವಾರಕ್ಕೊಮ್ಮೆ ಇರಲಿ. ಎರಡು ಮೂರು ಕಿಲೋ ಏರಿದರ ಯಾರೂ ಬಾಯಿ ಬಿಡಬಾರದು, ನೀನಂತೂ ಬಿಡಬ್ಯಾಡ. ಪೈಪೋಟಿಯ ತೂಕನಽ ಜೀವಮಾನದ ತೂಕ ಅಂತ ಹಿಡಿಯೂದು ತಪ್ಪು.

ಇನ್ನ ಮನಸ್ಸು. 2008ರ ಬೀಜಿಂಗ್ ಒಲಿಂಪಿಕ್ಸ್‌ದಾಗ ಅಮೆರಿಕದ ಈಜುಗಾರ ಮೈಕೆಲ್ ಫೆಲ್ಪ್ಸ್‌ನ ಗಾಗಲ್‌ದಾಗ ನೀರು ತುಂಬಿ ಗೋಡೆ ಕಾಣವಲ್ದಾಗಿತ್ತು. ಕೈ ಎಣಿಸಿಕೋತ ಈಸಿ 200 ಬಟರ್‌ಫ್ಲೈ 1:52.03ಕ್ಕ ಮುಗಿಸಿದ, ವಿಶ್ವದಾಖಲೆ. ಎಣಿಕೆ ಮೈಯಾಗ ಅಷ್ಟು ಇಳದಿತ್ತು. 2012ರಾಗ ಅದಽ ಫೆಲ್ಪ್ಸ್ ನಿವೃತ್ತಿ ಅಂದಾಗ 22 ಒಲಿಂಪಿಕ್ ಪದಕ ಇದ್ದವು, ಎಣಿಸಾಕ ಏನೂ ಉಳಿದಿರಲಿಲ್ಲ. 2014ರಾಗ ಚಿಕಿತ್ಸೆಗೆ ಸೇರಬೇಕಾತು. ಖಿನ್ನತೆ ಎಷ್ಟು ಕಾಡಿತ್ತು ಅಂತ ಆಮ್ಯಾಲೆ ತಾನಽ ಬಹಿರಂಗ ಹೇಳ್ಯಾನ. ತಿರುಗಿ ಬಂದು 2016ರ ರಿಯೊದಾಗ 200 ಗೆದ್ದು, ಆಮ್ಯಾಲೆ ಖರೇನ ಬಿಟ್ಟ. ಅಕಿ ನಸಕಿನ್ಯಾಗ ನಾಲ್ಕೂವರಿಗೆ ತಾನಽ ಏಳತಾಳ, ಎದ್ದು ಏನು ಮಾಡಬೇಕು ತಿಳಿಯೂದಿಲ್ಲ. ಮಲಕೋ ಅಂತ ಬೈಯಬ್ಯಾಡ. ಆ ತಾಸಿಗೆ ಒಂದು ಕೆಲಸ ಬೇಕು, ಓದರ ಆಗಲಿ, ನಡಿಗಿಯರ ಆಗಲಿ. ಮೂರು-ನಾಕು ವಾರ ಮಂದಿಗೆ ಮಾರಿ ತೋರಿಸೂದಿಲ್ಲ, ಉಣ್ಣೂದಿಲ್ಲ ಅನ್ನುವಂಗ ಆದರ ‘ಹುಡುಗಿ ಬ್ಯಾಸರ ಮಾಡಕೊಂಡಾಳ’ ಅಂತ ಸುಮ್ಮನ ಕೂಡಬ್ಯಾಡ, ಮನಸ್ಸಿನ ಕಾಯಿಲೆ ನೋಡೂ ಆಸ್ಪತ್ರೆ, ಡಿಮ್ಹಾನ್ಸ್, ಧಾರವಾಡದಾಗಽ ಅದ.

ಕೊಲ್ಹಾಪುರದ ಈಜುಗಾರ ವೀರಧವಳ ಖಾಡೆಯ ಹಾದಿ ನನಗ ಹೆಚ್ಚು ಸೇರತದ. 1986ರ ಸೋಲ್ ಏಷ್ಯನ್ ಗೇಮ್ಸ್‌ದಾಗ ಖಜಾನ್ ಸಿಂಗ್ 200 ಬಟರ್‌ಫ್ಲೈ ಬೆಳ್ಳಿ ತಂದ ಮ್ಯಾಲೆ ಭಾರತಕ್ಕ ಆ ಕೂಟದ ಈಜಿನಾಗ ಪದಕ ಬರಾಕ 24 ವರ್ಷ ಹಿಡೀತು. 2010ರಾಗ 50 ಬಟರ್‌ಫ್ಲೈ ಕಂಚು ತಂದಾಂವ ಖಾಡೆ. ಆಮ್ಯಾಲೆ ಮಹಾರಾಷ್ಟ್ರದಾಗ ತಹಶೀಲ್ದಾರ್ ಆದ. ನೌಕರಿಯೊಳಗ ಇದ್ದಽ 2018ರ ಜಕಾರ್ತಾದಾಗ 50 ಫ್ರೀಸ್ಟೈಲ್ ಕಂಚು ಬರೇ 0.01 ಸೆಕೆಂಡಿಗೆ ತಪ್ಪಿತು. ನೀರೂ ಇತ್ತು, ಕುರ್ಚಿನೂ ಇತ್ತು. ಮಗಳ ಎಲ್ಲಾ ಮೂಲ ಪ್ರಮಾಣಪತ್ರ, ಸ್ಪರ್ಧೆಯ ಫಲಿತಾಂಶದ ಹಾಳೆ ಸೈತ, ಒಂದು ಫೈಲಿನಾಗ ಇಡು. ರೈಲ್ವೆ ಸ್ಪೋರ್ಟ್ಸ್ ಕೋಟಾದ ಅರ್ಜಿಗೆ ಪದಕ ತೋರಿಸಿದರ ನಡಿಯೂದಿಲ್ಲ, ಕಾಗದ ಬೇಕು. ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ನಿಮ್ಮ ಹುಬ್ಬಳ್ಳಿಯೊಳಗಽ ಅದ, ಪ್ರಕಟಣೆ ಮ್ಯಾಲೆ ಕಣ್ಣಿಡು. ಪದಕಕ್ಕ ಹಳೇದಾಗೂ ಗಡುವು ಇರತದ, ಬಿಟ್ಟು ಎರಡು ವರ್ಷ ಆದ ಮ್ಯಾಲೆ ನೆನಪಾದರ ಉಪಯೋಗಿಲ್ಲ.

ಕಲಸತೀನಿ ಅಂದರ ಪಟಿಯಾಲಾದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಕೋರ್ಸ್ ಆಗಲಿ. ಬರೇ ಪದಕ ಇದ್ದಾಂವ ಕೋಚ್ ಆಗೂದಿಲ್ಲ. ಬಟರ್‌ಫ್ಲೈದವರು ಕಲಸಾಕ ನಿಂತಾಗ ಮಾಡೂ ತಪ್ಪು ಒಂದಽ, ಎಂಟು ವರ್ಷದ ಹುಡುಗರಿಗೆ ಪೂರ್ತಿ 50 ಹೊಡಸತಾರ. ಕೈ ತೊಡಿಗೆ ಹಚ್ಚಿ ಮೈ ಅಲೆ ಮಾಡೂದು ಮೊದಲು. ಆಮ್ಯಾಲೆ ಬಲಗೈ ಮೂರು, ಎಡಗೈ ಮೂರು, ಎರಡೂ ಮೂರು. ಕೈ ಮುಂದ ಬೀಳೂಕ್ಕಿಂತ ಮೊದಲು ತಲಿ ನೀರಾಗ ಹೋಗಿರಬೇಕು. ನಡ ಇಳೀತು ಅಂದ ಕೂಡಲೇ ಅಲ್ಲೇ ನಿಲ್ಲಿಸಬೇಕು, ಮುಂದಿನ ಹತ್ತು ಮೀಟರ್‌ದಾಗ ಕೂಸು ಕಲಿಯೂದು ತಪ್ಪನ್ನ ಅಷ್ಟ. ಗೋಡೆಗೆ ಜಾರಿಕೋತ ಹೋಗೂದು ಕಲಸಬಾರದು: ಬೀಜಿಂಗ್‌ದ 100 ಬಟರ್‌ಫ್ಲೈದಾಗ ಸರ್ಬಿಯಾದ ಚಾವಿಚ್ ಕಡೀಗೆ ಜಾರಿದ, ಫೆಲ್ಪ್ಸ್ ಅರ್ಧ ಕೈ ಹೆಚ್ಚಿಗಿ ಹೊಡದ. ಚಾವಿಚ್ 50.59 ಸೆಕೆಂಡು, ಫೆಲ್ಪ್ಸ್ 50.58.

ನಾಕು ವರ್ಷಕ್ಕ ಅಕಿಗೆ 25 ಆಗತದ, ದೊಡ್ಡ ವಯಸ್ಸಿನವರ ಮಾಸ್ಟರ್ಸ್ ಸ್ಪರ್ಧೆ ಅಲ್ಲಿಂದ ಸುರು. ಅಲ್ಲಿ ಬಟರ್‌ಫ್ಲೈಗೆ ಕಪ್ಪಿ ಒದಿಕೆ ನಡೀತದ. ಬಟರ್‌ಫ್ಲೈ ಹುಟ್ಟಿದ್ದಽ ಹಂಗ: ಕೈ ಹೊಸಾವು, ಕಾಲು ಬ್ರೆಸ್ಟ್‌ಸ್ಟ್ರೋಕಿನವು. 1952ರಾಗ ಅದನ್ನ ಬ್ಯಾರೆ ಈಜು ಅಂತ ಮಾಡಿದರು, 1956ರ ಮೆಲ್ಬರ್ನ್‌ದಾಗ ಒಲಿಂಪಿಕ್ಸಿಗೆ ಬಂತು. ಮಗಳಿಗೆ ಇದನ್ನ ಹೇಳು, ನಗತಾಳ.

ಆಯಿತವಾರ ಸಂಜೀಮುಂದ ಹುಬ್ಬಳ್ಳಿಗೆ ಬರತೀನಿ. ರಬ್ಬರ್ ಪಟ್ಟಿ ಎರಡು ನಮೂನಿದ್ದು ತರತೀನಿ, ಒಂದು ಹಗರಿಂದು, ಒಂದು ಬಿಗಿದು. ಹಳೇ ಟುವಾಲು ತಗದಿಡು.

ನಿನ್ನ ಗೆಳೆಯ