ಮಗಳೇ, ರಾತ್ರಿ ಊಟ ಬಿಡಬೇಡ

ಪುಟ್ಟಿ,

ನಿನ್ನೆ ನೀನು ಫೋನ್ ಕಟ್ ಮಾಡಿದ ಮೇಲೆ ವಾಪಸ್ ಮಾಡೋಣ ಅನ್ನಿಸಿತು. ಮಾಡಿದ್ದರೆ ಮತ್ತೆ ಕೂಗಾಡುತ್ತಿದ್ದೆವು. ಅದಕ್ಕೇ ಬರೆಯುತ್ತಿದ್ದೇನೆ. ಯಾರು ಏನಂದರು ಅನ್ನೋದು ಇಬ್ಬರಿಗೂ ನೆನಪಿದೆ, ಅದು ಬಿಡು. ತೂಕ ಇಳಿಸೋಕೆ ಅಂತ ರಾತ್ರಿ ಊಟ ಬಿಡ್ತೀನಿ ಅಂದೆಯಲ್ಲ, ನನ್ನ ಸಂಕಟ ಅದು.

ನಿನ್ನ ಟೆಸ್ಟ್ ರಿಪೋರ್ಟ್ ನೋಡಿದೆ. ಹಿಮೋಗ್ಲೋಬಿನ್ 9.2, ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನೋ ಲೆಕ್ಕ, 31. "ಇಷ್ಟು ದಪ್ಪ ಇರೋಳಿಗೆ ರಕ್ತ ಕಮ್ಮಿ ಹೇಗಾಗುತ್ತೆ, ಲ್ಯಾಬ್‌ನವರದ್ದೇ ತಪ್ಪು" ಅಂದೆಯಲ್ಲ, ಅವರದೇನೂ ತಪ್ಪಿಲ್ಲ ಕಣೇ. ಬಿಎಂಐ 30 ದಾಟಿದರೆ ಬೊಜ್ಜು. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ. ಒಂದೇ ಮೈಯಲ್ಲಿ ಎರಡೂ ಇರುತ್ತವೆ, ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮಮ್ಮನ ಉಂಗುರ ನಿನಗೆ ಗೊತ್ತು. ಅದರ ದಾರ ನೀನು ನೋಡಿಲ್ಲ. ನಾನು ಚಿಕ್ಕವಳಿದ್ದಾಗ ಅವಳ ಬೆರಳು ಎಷ್ಟು ಸಣ್ಣಗಿತ್ತೆಂದರೆ, ಉಂಗುರ ಜಾರಿ ಬೀಳುತ್ತೆ ಅಂತ ಒಳಗಡೆ ದಾರ ಸುತ್ತಿರುತ್ತಿದ್ದಳು. ಪಾತ್ರೆ ತಿಕ್ಕಿ ತಿಕ್ಕಿ ದಾರ ಕಪ್ಪಾಗುತ್ತಿತ್ತು. ಹಳೇದು ಬಿಚ್ಚಿ ಹೊಸದು ಸುತ್ತಿಕೊಡೋದು ನನ್ನ ಕೆಲಸ. ಎಲ್ಲರ ಊಟ ಆದ ಮೇಲೆ ಪಾತ್ರೆ ತಳದಲ್ಲಿ ಉಳಿದಿದ್ದೇ ಅವಳ ಊಟ. ಕಾಳು, ಸೊಪ್ಪು, ಮೊಟ್ಟೆ ಗಂಡಸರಿಗೆ, ಮಕ್ಕಳಿಗೆ ಬಡಿಸುವಷ್ಟರಲ್ಲೇ ಮುಗಿದಿರುತ್ತಿತ್ತು. ವಯಸ್ಸಾದ ಮೇಲೆ ಮೈ ತುಂಬಿಕೊಂಡಳು. ದಾರ ಬೇಕಾಗಲಿಲ್ಲ. ಆಮೇಲೆ ಉಂಗುರವೇ ಹೊರಗೆ ಬರಲಿಲ್ಲ, ಆಸ್ಪತ್ರೆಯಲ್ಲಿ ನರ್ಸ್ ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ತೆಗೆದಳು. ನೆಂಟರೆಲ್ಲ "ಈಗ ನೋಡೋಕೆ ಲಕ್ಷಣವಾಗಿದ್ದೀಯ" ಅನ್ನೋರು. ಅದೇ ನರ್ಸ್ ಕಣ್ಣಿನ ಕೆಳರೆಪ್ಪೆ ಎಳೆದು ತೋರಿಸಿದಳು. ಒಳಗೆ ಕೆಂಪೇ ಇಲ್ಲ, ಮಾಸಲು ಬಿಳುಪು. ಸಕ್ಕರೆ ಕಾಯಿಲೆ, ಬಿಪಿ, ಜೊತೆಗೆ ರಕ್ತಹೀನತೆ. ಪಾತ್ರೆ ತಳದ ಊಟ ಬದಲಾಗಿರಲೇ ಇಲ್ಲ ಪುಟ್ಟಿ. ಮೈಮುರಿಯೋ ಕೆಲಸ ಕಡಿಮೆಯಾಗಿತ್ತು, ಎಣ್ಣೆ ಸಕ್ಕರೆ ಜಾಸ್ತಿಯಾಗಿತ್ತು. ದಾರ ಸುತ್ತಿದ ಬೆರಳಿಗೆ ಏನು ಸಿಕ್ಕಿರಲಿಲ್ಲವೋ, ಊದಿದ ಬೆರಳಿಗೂ ಅದು ಸಿಗಲಿಲ್ಲ. ನಿನ್ನ ರಿಪೋರ್ಟ್ ಓದುವಾಗ ನನಗೆ ಆ ಬೆರಳೇ ಕಾಣುತ್ತಿತ್ತು, ಅದಕ್ಕೇ ಅಷ್ಟು ಜೋರು ಮಾಡಿದೆ. ಬೇಜಾರು ಮಾಡಿಕೊಳ್ಳಬೇಡ.

ಇದು ನಮ್ಮನೆ ಒಂದರ ಕಥೆಯಲ್ಲ. ಬಡ ದೇಶಗಳಲ್ಲಿ, ಈಗ ತಾನೇ ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುವ ದೇಶಗಳಲ್ಲಿ, ಒಂದೇ ಮನೆಯಲ್ಲಿ ದಪ್ಪಗಿನ ತಾಯಿ, ಬೆಳವಣಿಗೆ ಕುಂಠಿತವಾದ ಮಗು ಇರೋದು ಮಾಮೂಲಾಗಿದೆ. 1990ರಿಂದ 2022ರೊಳಗೆ ಜಗತ್ತಿನ ಹೆಂಗಸರಲ್ಲಿ ಬೊಜ್ಜಿನ ಪ್ರಮಾಣ ದುಪ್ಪಟ್ಟಿಗಿಂತ ಜಾಸ್ತಿಯಾಯಿತು. ಆದರೆ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಸುಮಾರು ಮೂವರಿಗೆ ಇನ್ನೂ ರಕ್ತಹೀನತೆ ಇದೆ. ಹೊಟ್ಟೆ ತುಂಬಿಸೋದು ಅಗ್ಗ, ಮೈಗೆ ಬೇಕಾದ್ದು ತುಟ್ಟಿ. ಇದರಲ್ಲಿ ಹೆಣ್ಣುಮಕ್ಕಳ ತಪ್ಪೇನಿದೆ ಹೇಳು? "ತಿಂದು ತಿಂದು ಹೀಗಾಗಿದ್ದಾಳೆ" ಅನ್ನೋ ಮಾತು ಕೇಳಿದರೆ ನನಗೆ ಮೈ ಉರಿಯುತ್ತೆ.

ಇನ್ನೊಂದು ವಿಷಯ. ಬೊಜ್ಜು ಇದ್ದಾಗ ಮೈಯೊಳಗೆ ಸಣ್ಣಗೆ ಉರಿಯೂತ ಇರುತ್ತೆ. ಆಗ ಲಿವರ್ ಹೆಪ್ಸಿಡಿನ್ ಅನ್ನೋ ಹಾರ್ಮೋನನ್ನು ಜಾಸ್ತಿ ಬಿಡುತ್ತೆ, ಅದು ಹಿಮೋಗ್ಲೋಬಿನ್ ಆಗೋಕೆ ಬೇಕಾದ ಕಬ್ಬಿಣ ಕರುಳಿನಿಂದ ರಕ್ತಕ್ಕೆ ಸೇರದ ಹಾಗೆ ತಡೆಯುತ್ತೆ. ಅಂದರೆ ನೀನು ತಿಂದ ಕಬ್ಬಿಣವೂ ಪೂರ್ತಿ ನಿನಗೆ ದಕ್ಕೋದಿಲ್ಲ. ಇಂಥದ್ದರಲ್ಲಿ ರಾತ್ರಿ ಊಟ ಬಿಟ್ಟರೆ? ತೂಕ ಇಳಿಸು, ಬೇಡ ಅನ್ನೋದಿಲ್ಲ. ಸಕ್ಕರೆ ಹಾಕಿದ ಕುಡಿಯೋದು, ಕರಿದಿದ್ದು, ಪ್ಯಾಕೆಟ್ ತಿಂಡಿ ಬಿಡು. ಕಾಳು, ಸೊಪ್ಪು, ಮೊಟ್ಟೆ ಬಿಡಬೇಡ. ಕಬ್ಬಿಣದ ಮಾತ್ರೆ ಕೊಟ್ಟರೆ ಕಾಫಿ ಟೀ ಜೊತೆ ನುಂಗಬೇಡ. ಮಲ ಕಪ್ಪಗೆ ಹೋದರೆ ಹೆದರಿ ನಿಲ್ಲಿಸಬೇಡ, ರಕ್ತ ಸ್ವಲ್ಪ ಏರಿದ ತಕ್ಷಣವೂ ನಿಲ್ಲಿಸಬೇಡ. ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ನಾಚಿಕೊಳ್ಳದೆ ಡಾಕ್ಟರಿಗೆ ಹೇಳು. ಪಾಠ ಶುರು ಮಾಡಿದಳು ಅಂತೀಯ, ಅನ್ನು.

ಭಯ ಇರೋದು ನಿನ್ನೊಬ್ಬಳ ಬಗ್ಗೆ ಅಲ್ಲ. 1944-45ರ ಚಳಿಗಾಲದಲ್ಲಿ ನೆದರ್ಲೆಂಡ್ಸ್‌ನಲ್ಲಿ ಜನ ಹಸಿವಿನಿಂದ ಸತ್ತರು. ಆಗ ಬಸಿರಿನ ಮೊದಲ ತಿಂಗಳುಗಳಲ್ಲಿ ಉಪವಾಸ ಬಿದ್ದ ತಾಯಂದಿರಿಗೆ ಹುಟ್ಟಿದ ಹೆಣ್ಣುಮಕ್ಕಳು ಐವತ್ತರ ಹೊತ್ತಿಗೆ ಬೇರೆಯವರಿಗಿಂತ ದಪ್ಪಗಿದ್ದರು. ಹಸಿವು ಒಂದು ತಲೆಮಾರಿಗೆ ಮುಗಿಯೋದಿಲ್ಲ. ದಾರ ಸುತ್ತಿಕೊಂಡಿದ್ದ ಅಮ್ಮ ನನ್ನನ್ನು ಹೊತ್ತಾಗ ಏನು ತಿಂದಿದ್ದಳೋ, ನಿನಗೆ ಮುಂದೆ ಮಕ್ಕಳಾಗುವಾಗ ಹೇಗೋ ಅಂತ ನಿದ್ದೆ ಬರೋದಿಲ್ಲ.

ಯಾರೂ ಹೇಳದೆ ನೀನೇ ಹೋಗಿ ಟೆಸ್ಟ್ ಮಾಡಿಸಿಕೊಂಡೆ. ನಮ್ಮ ಮನೆಯ ಹೆಂಗಸರ್ಯಾರೂ ಹಾಸಿಗೆ ಹಿಡಿಯೋ ಮುಂಚೆ ಡಾಕ್ಟರ ಹತ್ತಿರ ಹೋದವರಲ್ಲ. ಹೆಮ್ಮೆಯಾಯಿತು, ಜಗಳದಲ್ಲಿ ಹೇಳೋಕೆ ಆಗಲಿಲ್ಲ. ಈ ವಾರದೊಳಗೆ ಡಾಕ್ಟರನ್ನು ಕಾಣು. ಮೈಯಲ್ಲಿ ಕಬ್ಬಿಣ ಎಷ್ಟು ಕೂಡಿಟ್ಟಿದೆ ಅಂತ ತೋರಿಸೋ ಫೆರಿಟಿನ್ ಟೆಸ್ಟ್ ಬೇಕಾ ಅಂತ ಕೇಳು. ಸಕ್ಕರೆ, ಬಿಪಿ ಕೂಡ ನೋಡಿಸು. ಯಾವ ಮಾತ್ರೆ, ಎಷ್ಟು ದಿನ ಅಂತ ಬರೆದು ಕಳಿಸು.

ನಿನ್ನ ಅಮ್ಮ