ಪ್ರಾಯೋಗಿಕ ಪರೀಕ್ಷೆಯಲ್ಲಿ ಸೊನ್ನೆಯನ್ನೂ ಕೊಟ್ಟು ನೋಡಲಿ

ಮಾನ್ಯ ಸಂಪಾದಕರೇ,

ಪದವಿ ಕಾಲೇಜುಗಳ ಕಂಪ್ಯೂಟರ್ ಪ್ರಾಯೋಗಿಕ ಪರೀಕ್ಷೆಗಳು ಹತ್ತಿರ ಬಂದಿವೆ. ರೆಕಾರ್ಡ್ ಪುಸ್ತಕದ ಪ್ರೋಗ್ರಾಂ ಅನ್ನು ಬಾಯಿಪಾಠ ಮಾಡಿ ಟೈಪಿಸುವುದು, ಅದೇ ಪುಸ್ತಕದ ಅಂಕಿಯನ್ನು ಕೊಡುವುದು, ಉತ್ತರ ಬಂದೊಡನೆ ಪೂರ್ಣ ಅಂಕ ಪಡೆಯುವುದು: ಈ ಪದ್ಧತಿ ಈ ಸಲವಾದರೂ ನಿಲ್ಲಬೇಕು. ಷರತ್ತು ಇರುವ ಪ್ರತಿ ಪ್ರೋಗ್ರಾಮನ್ನೂ ಸೊನ್ನೆ, ಖಾಲಿ ಮತ್ತು ಗಡಿಯ ಅಂಕಿಗಳನ್ನು ಕೊಟ್ಟು ಪರೀಕ್ಷಿಸಿದವರಿಗೆ ಪ್ರತ್ಯೇಕ ಅಂಕ ಸಿಗಬೇಕು.

ಇದು ಲ್ಯಾಬಿಗಷ್ಟೇ ಸಂಬಂಧಿಸಿದ ವಿಷಯವಲ್ಲ. ನಮ್ಮ ಓಣಿಯ ರೈತರೊಬ್ಬರು ಇಲ್ಲಿನ ದಲಾಲಿ ಅಂಗಡಿಯೊಂದರಲ್ಲಿ 60 ಚೀಲ ಈರುಳ್ಳಿ ಮಾರಿದರು. ಹಗುರವಾದ ಬಲೆ ಚೀಲವಾದ್ದರಿಂದ ಚೀಲದ ತೂಕ ಕಳೆಯುವುದು ಬೇಡವೆಂದು ಮಾತಾಗಿತ್ತು, ಗುಮಾಸ್ತರು ಕಡಿತದ ಜಾಗದಲ್ಲಿ 0 ಎಂದೇ ತುಂಬಿದ್ದರು. ಆದರೂ ಚೀಟಿಯಲ್ಲಿ 60 ಕಿಲೋ ಕಡಿತವಾಗಿತ್ತು. ಅಂಗಡಿಯವರು ಒಪ್ಪಿದ್ದರಿಂದ ಪ್ರೋಗ್ರಾಂ ತೆರೆದು ನೋಡಿದೆ. ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದದ್ದು. ಕಡಿತದ ಜಾಗದಲ್ಲಿ ತುಂಬಿದ ತೂಕವನ್ನು ಸಂಖ್ಯೆಯಾಗಿಸಿ, ಅದರ ಮುಂದೆ '|| 1' ಎಂದು ಹಾಕಿದ್ದರು. ಏನೂ ತುಂಬದಿದ್ದರೆ ಚೀಲಕ್ಕೆ ಒಂದು ಕಿಲೋ ಹಿಡಿಯಲಿ ಎಂಬುದು ಬರೆದವರ ಉದ್ದೇಶ. ಆದರೆ ಈ ಭಾಷೆಯಲ್ಲಿ || ಚಿಹ್ನೆ ಸೊನ್ನೆಯನ್ನೂ 'ಇಲ್ಲ' ಎಂದೇ ಪರಿಗಣಿಸಿ ಬಲಗಡೆಯ 1ನ್ನು ಎತ್ತಿಕೊಳ್ಳುತ್ತದೆ. ಯಾರ ಮನಸ್ಸಿನಲ್ಲೂ ಮೋಸವಿರಲಿಲ್ಲ, ಆದರೆ ದುಡ್ಡು ಹೋದದ್ದು ರೈತನದು.

2020ರಲ್ಲಿ ಇದಕ್ಕೆಂದೇ ?? ಎಂಬ ಹೊಸ ಚಿಹ್ನೆ ಬಂದಿದೆ, ಅದು ಎಡಗಡೆ ಏನೂ ಇಲ್ಲದಿದ್ದಾಗ ಮಾತ್ರ ಬಲಗಡೆಯದನ್ನು ಎತ್ತಿಕೊಳ್ಳುತ್ತದೆ, ಸೊನ್ನೆಯನ್ನು ಸೊನ್ನೆಯಾಗಿಯೇ ಉಳಿಸುತ್ತದೆ. ಅದನ್ನೂ ಕುರುಡಾಗಿ ಹಾಕಿದರೆ ನಡೆಯದು. ಪರದೆಯ ಮೇಲೆ ಖಾಲಿ ಬಿಟ್ಟ ಪೆಟ್ಟಿಗೆಯಿಂದ ಬರುವುದು ಖಾಲಿ ಅಕ್ಷರಸಾಲು. ಅದನ್ನು ಸಂಖ್ಯೆಯಾಗಿಸಿದರೆ 0 ಆಗುತ್ತದೆ. ಆಗ ಮರೆತು ಬಿಟ್ಟದ್ದೂ ಬೇಕೆಂದೇ ತುಂಬಿದ ಸೊನ್ನೆಯೂ ಒಂದೇ ಆಗಿಬಿಡುತ್ತವೆ. ಎರಡನ್ನೂ ಬೇರೆಬೇರೆಯಾಗಿ ಕೊಟ್ಟು ನೋಡದೆ ಇದು ತಿಳಿಯುವ ದಾರಿಯೇ ಇಲ್ಲ.

ತರಗತಿಯಲ್ಲಿ ನಾನು ತೋರಿಸುವ ಇನ್ನೊಂದು ಉದಾಹರಣೆ: '35 <= ಅಂಕ < 50'. ಪೈಥಾನ್ ಎಂಬ ಭಾಷೆ ಇದನ್ನು ನಾವು ಗಣಿತದಲ್ಲಿ ಓದುವಂತೆಯೇ, ಅಂದರೆ ಅಂಕ 35 ಅಥವಾ ಹೆಚ್ಚು, ಆದರೆ 50ಕ್ಕಿಂತ ಕಡಿಮೆ ಎಂದು ಓದುತ್ತದೆ. ಜಾವಾಸ್ಕ್ರಿಪ್ಟ್ ಮೊದಲ ಹೋಲಿಕೆಯ ಉತ್ತರವನ್ನು 1 ಅಥವಾ 0 ಮಾಡಿಕೊಂಡು, ಅದು 50ಕ್ಕಿಂತ ಕಡಿಮೆಯೇ ಎಂದು ನೋಡುತ್ತದೆ. ಹೀಗಾಗಿ 20 ಪಡೆದವರೂ 80 ಪಡೆದವರೂ ಒಂದೇ ದರ್ಜೆಗೆ ಬೀಳುತ್ತಾರೆ. ರೆಕಾರ್ಡಿನಲ್ಲಿರುವ 40 ಕೊಟ್ಟರೆ ಎರಡೂ ಭಾಷೆ ಸರಿ ಉತ್ತರ ಹೇಳುತ್ತವೆ, ಮಕ್ಕಳು ಅಷ್ಟಕ್ಕೇ ನಿಲ್ಲಿಸುತ್ತಾರೆ. ಪಿಎಚ್‌ಪಿಯಲ್ಲಂತೂ ಭಾಷೆಯ ಆವೃತ್ತಿ ಬದಲಾದಾಗಲೇ ನಡವಳಿಕೆ ಬದಲಾಗಿದೆ: ಸೊನ್ನೆಯನ್ನು ಅಕ್ಷರಗಳ ಪದವೊಂದಕ್ಕೆ == (ಎರಡೂ ಸಮವೇ ಎಂದು ಕೇಳುವ ಚಿಹ್ನೆ) ಹಾಕಿ ಹೋಲಿಸಿದರೆ ಮೊದಲು 'ಹೌದು' ಎನ್ನುತ್ತಿತ್ತು, 8.0 ಆವೃತ್ತಿಯಿಂದ 'ಇಲ್ಲ' ಎನ್ನುತ್ತದೆ. ಹಳೆಯ ಪುಸ್ತಕ ಓದಿಕೊಂಡು ಬಂದವರಿಗೆ ಇದು ಹೇಗೆ ಗೊತ್ತಾಗಬೇಕು?

ಇದಕ್ಕಾಗಿ ಪಠ್ಯಕ್ರಮ ಬದಲಿಸಬೇಕಿಲ್ಲ. ಬಾಹ್ಯ ಪರೀಕ್ಷಕರು ವಿದ್ಯಾರ್ಥಿಯ ಪಕ್ಕ ಕುಳಿತು ಪುಸ್ತಕದಲ್ಲಿಲ್ಲದ ಮೂರು ಅಂಕಿಗಳನ್ನು ಕೊಡಲಿ, ಯಾವ ಉತ್ತರ ಬರುತ್ತದೆ, ಏಕೆ ಎಂದು ಪ್ರೋಗ್ರಾಂ ಓಡಿಸುವ ಮೊದಲೇ ಕೇಳಲಿ. ವಿಶ್ವವಿದ್ಯಾಲಯವು ಪರೀಕ್ಷೆಗೆ ಮುನ್ನವೇ ಸುತ್ತೋಲೆ ಹೊರಡಿಸಿ, ಅಂಕ ನಮೂದಿಸುವ ಹಾಳೆಯಲ್ಲಿ ಇದಕ್ಕೊಂದು ಕಾಲಂ ಸೇರಿಸಬೇಕೆಂದು ವಿನಂತಿಸುತ್ತೇನೆ.

– ಕಂಪ್ಯೂಟರ್ ವಿಜ್ಞಾನ ಉಪನ್ಯಾಸಕಿ, ಬೆಟಗೇರಿ, ಗದಗ